ಓಣಿಯೊಳಗಿನ ಸಭಾಮನೆ: ಟ್ಯೂಕ್ಸ್‌ಬರಿಯ ಹಳೆಯ ಬ್ಯಾಪ್ಟಿಸ್ಟ್ ಚಾಪೆಲ್

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ, ಸೆವರ್ನ್ ಮತ್ತು ಏವನ್ ನದಿಗಳು ಕೂಡುವ ಕಡೆ ಇರುವ ಟ್ಯೂಕ್ಸ್‌ಬರಿ ಪಟ್ಟಣದ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎರಡು ಕಾರಣಗಳಿಗೆ ಬರುತ್ತದೆ: ಒಂದು, 1121ರಲ್ಲಿ ಪ್ರತಿಷ್ಠೆಗೊಂಡ ಅದರ ಅಬ್ಬೆ, ಅಂದರೆ ಸನ್ಯಾಸಿಮಠಕ್ಕೆ ಸೇರಿದ್ದ ಮಹಾದೇವಾಲಯ, ಇನ್ನೊಂದು, 1471ರ ಮೇ 4ರಂದು ಯಾರ್ಕ್ ಮನೆತನದವರು ಲ್ಯಾಂಕಾಸ್ಟರ್ ಪಕ್ಷವನ್ನು ಸೋಲಿಸಿದ ಕಾಳಗ. ಆ ಅಬ್ಬೆಯಿಂದ ಕೂಗಳತೆಯ ದೂರದಲ್ಲಿ, ಚರ್ಚ್ ಸ್ಟ್ರೀಟ್ ಎಂಬ ಬೀದಿಯಿಂದ ಒಳಕ್ಕೆ ಹೊರಳುವ ಒಂದು ಕಿರು ಓಣಿಯಲ್ಲಿ ನಿಂತಿರುವ ಮರದ ಚೌಕಟ್ಟಿನ ಹಳೆಯ ಬ್ಯಾಪ್ಟಿಸ್ಟ್ ಚಾಪೆಲ್ಲು ಈ ಎರಡರ ಪಕ್ಕದಲ್ಲಿ ಅಲ್ಪವಾದದ್ದಾಗಿ ತೋರಬಹುದಾದರೂ, ಇಂಗ್ಲೆಂಡಿನಲ್ಲಿ ಉಳಿದಿರುವ ಬ್ಯಾಪ್ಟಿಸ್ಟ್ ಸಭಾಮನೆಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರುವ ಈ ಕಟ್ಟಡವು, ವಾಸ್ತುಶಿಲ್ಪಿಯೊಬ್ಬನ ಕೈಯಿಲ್ಲದೆ ಒಂದು ನಂಬಿಕೆಯೂ ಒಂದು ಕಾನೂನೂ ಒಂದು ಊರಿನ ನಿವೇಶನಗಳ ಅಳತೆಯೂ ಕೂಡಿ ಹೇಗೆ ಒಂದು ವಾಸ್ತುರೂಪವನ್ನು ಕೊಡಬಲ್ಲವು ಎಂಬುದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಹಿಂಸೆಗೆ ಅಂಜಿ ಮರೆಯಲ್ಲಿ ಕಟ್ಟಿಕೊಂಡ ಗುಪ್ತ ದೇವಾಲಯವೆಂದು ಇಂಥ ಕಟ್ಟಡಗಳನ್ನು ವರ್ಣಿಸುವುದು ವಾಡಿಕೆಯಾಗಿದೆ. ಟ್ಯೂಕ್ಸ್‌ಬರಿಯ ಮಟ್ಟಿಗೆ ಆ ವರ್ಣನೆಯಲ್ಲಿ ಅರ್ಧ ಸತ್ಯ ಮಾತ್ರ ಇದೆ.

ಮೊದಲನೆಯದಾಗಿ, ಈ ಕಟ್ಟಡವನ್ನು ಬ್ಯಾಪ್ಟಿಸ್ಟರು ಕಟ್ಟಿದ್ದೇ ಅಲ್ಲ. ಅದು 15ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಬ್ಯಾಪ್ಟಿಸ್ಟ್ ಎಂಬ ಪಂಥ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ, ವಾಸದ ಮನೆಯಾಗಿ ಎದ್ದದ್ದು. ಟ್ಯೂಕ್ಸ್‌ಬರಿಯ ಸುತ್ತಲಿನ ತಗ್ಗು ನೆಲವೆಲ್ಲ ನೆರೆಯ ಪಾಲಾಗುವುದರಿಂದ (2007ರ ಜುಲೈ ತಿಂಗಳ ಪ್ರವಾಹದಲ್ಲಿ ಇಡೀ ಪಟ್ಟಣವೇ ದ್ವೀಪವಾಗಿತ್ತು) ಊರು ಹೊರಕ್ಕೆ ಹಬ್ಬಲು ಆಸ್ಪದವಿರಲಿಲ್ಲ; ಮಧ್ಯಯುಗದ ಪಟ್ಟಣಗಳಲ್ಲಿ ಬೀದಿಯ ಮುಖಕ್ಕೆ ಅಗಲ ಕಡಿಮೆಯಾಗಿ ಹಿಂದಕ್ಕೆ ಉದ್ದವಾಗಿ ಹಂಚಲಾಗುತ್ತಿದ್ದ, ಬರ್ಗೇಜ್ ಎಂದು ಕರೆಯಲಾಗುವ ನಿವೇಶನಗಳ ಹಿಂಭಾಗದಲ್ಲಿಯೇ ಮನೆಯ ಹಿಂದೊಂದು ಮನೆಯಾಗಿ ಕಟ್ಟುತ್ತ ಹೋಗಬೇಕಾಯಿತು, ಮತ್ತು ಆ ಹಿಂದಿನ ಮನೆಗಳಿಗೆ ದಾರಿಯಾಗಿ ಬೀದಿಯಿಂದ ಓಣಿಗಳು ಸೀಳಿಕೊಂಡವು. ಇಂದಿಗೂ ಸುಮಾರು 30 ಓಣಿಗಳು ಉಳಿದಿವೆ. ಹೀಗಾಗಿ ಓಣಿಯಲ್ಲಿರುವುದು ಟ್ಯೂಕ್ಸ್‌ಬರಿಯಲ್ಲಿ ಅಡಗಿರುವುದರ ಗುರುತಲ್ಲ. ಆ ಊರಿನಲ್ಲಿ ಬಾಳುವ ಸಾಮಾನ್ಯ ರೀತಿ ಅದು.

ಆ ಮನೆಯ ಬಗೆಗೆ ಹಾಲ್ ಹೌಸ್ ಎಂದು ಹೆಸರು. ಮಧ್ಯದಲ್ಲಿ ನೆಲದಿಂದ ಮಾಡಿನವರೆಗೆ ನಡುವೆ ಅಟ್ಟವಿಲ್ಲದೆ ತೆರೆದುಕೊಂಡ ಒಂದು ದೊಡ್ಡ ಅಂಕಣ, ಅದರ ನೆಲದ ನಡುವೆ ಬೆಂಕಿಯ ಒಲೆ, ಆ ಹೊಗೆ ಮೇಲೇರಿ ಮಾಡಿನ ಸಂದಿಯಿಂದ ಹೊರಹೋಗುವ ಏರ್ಪಾಡು, ಅಂಕಣದ ಒಂದು ಪಕ್ಕಕ್ಕೆ ಯಜಮಾನನ ಖಾಸಗಿ ಕೋಣೆಗಳು, ಇನ್ನೊಂದು ಪಕ್ಕಕ್ಕೆ ಉಗ್ರಾಣದಂಥ ಕೆಲಸದ ಕೋಣೆಗಳು: ಇದು ಆ ಕಾಲದ ಇಂಗ್ಲಿಷ್ ಮನೆಯ ಸ್ಥೂಲ ರೂಪ. ಗೋಡೆಗಳು ಭಾರ ಹೊರುವುದಿಲ್ಲ. ಭಾರವನ್ನೆಲ್ಲ ಓಕ್ ಮರದ ಕಂಬ, ತೊಲೆಗಳ ಚೌಕಟ್ಟೇ ಹೊರುತ್ತದೆ. ಒಂದು ತೊಲೆಯ ತುದಿಯನ್ನು ನಾಲಗೆಯಾಗಿ ಕೆತ್ತಿ, ಇನ್ನೊಂದರಲ್ಲಿ ಕೊರೆದ ತೂತಿಗೆ ಸೇರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದು ಬಿಗಿಯುವ ಈ ವಿಧಾನದಲ್ಲಿ, ಬಡಗಿಗಳು ಇಡೀ ಚೌಕಟ್ಟನ್ನು ತಮ್ಮ ಕೆಲಸದ ಅಂಗಳದಲ್ಲಿ ನೆಲದ ಮೇಲೆ ಜೋಡಿಸಿ ನೋಡಿ, ಯಾವ ತುಂಡು ಎಲ್ಲಿಗೆಂದು ಉಳಿಯಿಂದ ಗುರುತು ಕೊರೆದು, ಬಿಚ್ಚಿ ತಂದು ನಿವೇಶನದಲ್ಲಿ ಎತ್ತಿ ನಿಲ್ಲಿಸುತ್ತಿದ್ದರು. ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದುದರಿಂದ ಅದು ಒಣಗುತ್ತ ಬಾಗಿ ಗೂಟಗಳನ್ನು ಇನ್ನಷ್ಟು ಬಿಗಿಹಿಡಿಯುತ್ತಿತ್ತು. ಹಳೆಯ ಇಂಗ್ಲಿಷ್ ಮನೆಗಳ ಸೊಟ್ಟ ಗೋಡೆಗಳಿಗೆ ಕಾರಣ ಬಡಗಿಯ ಅಜಾಗರೂಕತೆಯಲ್ಲ, ಇದು. ಚೌಕಟ್ಟಿನ ನಡುವಣ ಚೌಕಗಳನ್ನು ತಡಿಕೆ ಹೆಣೆದು, ಹುಲ್ಲು ಸಗಣಿ ಬೆರೆಸಿದ ಮಣ್ಣು ಮೆತ್ತಿ, ಮೇಲೆ ಸುಣ್ಣ ಸಾರಿಸಿ ಮುಚ್ಚಲಾಗುತ್ತಿತ್ತು. ಈ ರಚನೆಯ ಒಂದು ಗುಣ ಮುಂದಿನ ಕಥೆಗೆ ಮುಖ್ಯವಾದುದು: ಗೋಡೆ ಭಾರ ಹೊರುವುದಿಲ್ಲವಾದ್ದರಿಂದ, ಬೇಕಾದೆಡೆ ಒಂದು ಚೌಕವನ್ನು ಕಿತ್ತು ದೊಡ್ಡ ಕಿಟಕಿ ಕೂರಿಸುವುದು, ಒಳಗಿನ ಅಡ್ಡಗೋಡೆಯನ್ನು ತೆಗೆಯುವುದು ಕಲ್ಲಿನ ಕಟ್ಟಡದಲ್ಲಿರುವಷ್ಟು ಕಷ್ಟವಲ್ಲ.

ಬ್ಯಾಪ್ಟಿಸ್ಟರ ಮೊದಲ ಇಂಗ್ಲಿಷ್ ಸಭೆ ರೂಪುಗೊಂಡದ್ದು ಇಂಗ್ಲೆಂಡಿನಲ್ಲಲ್ಲ, ಆಮ್‌ಸ್ಟರ್‌ಡಾಮಿನಲ್ಲಿ, 1609ರಲ್ಲಿ, ದೇಶಾಂತರ ಹೋಗಿದ್ದ ಜಾನ್ ಸ್ಮಿತ್ ಮತ್ತು ಥಾಮಸ್ ಹೆಲ್ವಿಸ್ ಎಂಬವರ ಮುಂದಾಳತ್ವದಲ್ಲಿ; ಕೆಲವು ವರ್ಷಗಳೊಳಗೆ ಹೆಲ್ವಿಸ್ ಲಂಡನ್ನಿಗೆ ಮರಳಿ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಭೆ ಸೇರಿಸಿದನು. ಶಿಶುವಿಗೆ ಕೊಡುವ ದೀಕ್ಷಾಸ್ನಾನಕ್ಕೆ ಅರ್ಥವಿಲ್ಲ, ನಂಬಿಕೆಯನ್ನು ತನ್ನ ಬಾಯಿಂದಲೇ ಅರಿಕೆ ಮಾಡಬಲ್ಲ ವ್ಯಕ್ತಿಗೆ ಮಾತ್ರ ಅದು ಸಲ್ಲುತ್ತದೆ ಎಂಬುದು ಅವರ ಮೂಲ ನಿಲುವು. ಈ ನಿಲುವಿನ ಪರಿಣಾಮ ಧರ್ಮಶಾಸ್ತ್ರಕ್ಕೆ ಮಾತ್ರ ನಿಲ್ಲಲಿಲ್ಲ: ಹುಟ್ಟಿದ ಊರಿನ ಚರ್ಚಿಗೆ ಹುಟ್ಟಿನಿಂದಲೇ ಸೇರುವುದು ಎಂಬ ವ್ಯವಸ್ಥೆಯನ್ನೇ ಅದು ಅಲ್ಲಗಳೆಯುತ್ತಿದ್ದುದರಿಂದ, ರಾಜ್ಯದ ಕಣ್ಣಿಗೆ ಅದು ದ್ರೋಹಕ್ಕೆ ಹತ್ತಿರವಾದುದಾಗಿ ಕಂಡಿತು. 1640ರ ದಶಕದ ಅಂತರ್ಯುದ್ಧ ಮತ್ತು ಅದರ ನಂತರದ ಗಣರಾಜ್ಯದ ಕಾಲದಲ್ಲಿ ಸಿಕ್ಕ ಬಿಡುವಿನಲ್ಲಿ ಈ ಸಭೆಗಳು ಒಳನಾಡಿನ ಪಟ್ಟಣಗಳಿಗೂ ಹಬ್ಬಿದವು. 1655ರಲ್ಲಿ ವಾರಿಕ್ ಪಟ್ಟಣದಲ್ಲಿ ಸೇರಿ ಮಿಡ್‌ಲ್ಯಾಂಡ್ ಒಕ್ಕೂಟವನ್ನು ರಚಿಸಿದ ಏಳು ಸಭೆಗಳಲ್ಲಿ ಟ್ಯೂಕ್ಸ್‌ಬರಿಯದೂ ಒಂದು. ಓಣಿಯ ಮನೆಯು ಸಭೆಯ ಕೈಗೆ ಬಂದದ್ದು ಆ ಶತಮಾನದಲ್ಲಿಯೇ.

1660ರಲ್ಲಿ ಅರಸೊತ್ತಿಗೆ ಮರಳಿದೊಡನೆ ಬಿಡುವು ಮುಗಿಯಿತು. 1664ರ ಕನ್ವೆಂಟಿಕಲ್ ಕಾಯಿದೆಯು ಮನೆಯವರನ್ನು ಬಿಟ್ಟು ಐವರು ಅಥವಾ ಹೆಚ್ಚು ಮಂದಿ ಅಧಿಕೃತ ಚರ್ಚಿನ ಕ್ರಮದ ಹೊರಗೆ ಆರಾಧನೆಗಾಗಿ ಕೂಡುವುದನ್ನು ಅಪರಾಧವಾಗಿಸಿತು; 1670ರ ಅದರ ಎರಡನೆಯ ರೂಪವು ಅಂಥ ಕೂಟಕ್ಕೆ ಮನೆ ಬಿಟ್ಟುಕೊಟ್ಟವನ ಮೇಲೆ 20 ಪೌಂಡ್ ದಂಡ ಹೇರಿತು. ಕಾನೂನಿನ ಗುರಿ ಹೀಗೆ ಮನೆಯೇ ಆಗಿದ್ದಾಗ, ಮನೆಯಂತೆ ಕಾಣುವ, ನಿಜಕ್ಕೂ ಮನೆಯೇ ಆಗಿದ್ದ ಕಟ್ಟಡದಲ್ಲಿ ಸೇರುವುದರಲ್ಲಿ ಒಂದು ಅನುಕೂಲವಿದ್ದೇ ಇತ್ತು. ಮರೆಯ ಕಥೆಗೆ ಇಲ್ಲಿ ಆಧಾರವಿದೆ. ಆದರೆ ಮರೆಗೆಂದೇ ಆರಿಸಿಕೊಂಡ ಸ್ಥಳ ಹೇಗಿರುತ್ತದೆಂಬುದನ್ನು ನೋಡಬೇಕಾದರೆ ಡೆವನ್ ಪ್ರಾಂತದ ಲಾಫ್‌ವುಡ್‌ಗೆ ಹೋಗಬೇಕು: ಕಿಲ್ಮಿಂಗ್‌ಟನ್ ಎಂಬ ಹಳ್ಳಿಯ ಬ್ಯಾಪ್ಟಿಸ್ಟರು ಕಲ್ಲುಗೋಡೆ, ಹುಲ್ಲು ಮಾಡುಗಳ ತಮ್ಮ ಸಭಾಮನೆಯನ್ನು ಊರಲ್ಲಿ ಕಟ್ಟದೆ, ಊರಾಚೆ, ಎರಡು ಪ್ರಾಂತಗಳ ಗಡಿಯ ಕಾಡಿನ ಇಳುಕಲಿನಲ್ಲಿ ಕಟ್ಟಿಕೊಂಡರು. ಟ್ಯೂಕ್ಸ್‌ಬರಿಯ ಮನೆಯಾದರೋ ಅಬ್ಬೆಯ ನೆರೆಯಲ್ಲೇ, ಜನನಿಬಿಡ ಬೀದಿಯ ಹಿಂದೆ ಇದೆ. ಭಾನುವಾರ ಓಣಿಯೊಳಕ್ಕೆ ಯಾರು ಹೋಗುತ್ತಾರೆಂಬುದು ಅಕ್ಕಪಕ್ಕದವರಿಗೆ ತಿಳಿಯದಿರಲು ಸಾಧ್ಯವೇ ಇರಲಿಲ್ಲ. ಬಕಿಂಗ್‌ಹ್ಯಾಮ್‌ಷೈರಿನ ವಿನ್ಸ್‌ಲೋ ಪಟ್ಟಣದಲ್ಲಿಯೂ ಬ್ಯಾಪ್ಟಿಸ್ಟ್ ಸಭಾಮನೆ ಓಣಿಯೊಳಗೇ ಇದೆ, ಆದರೆ ಅದು 1695ರದು, ಅಂದರೆ ಕಿರುಕುಳದ ಕಾನೂನುಗಳು ಸಡಿಲಗೊಂಡ ಮೇಲಿನದು. ಮಕ್ಕಳ ಪಾಠಪುಸ್ತಕವೊಂದನ್ನು ಬರೆದ ತಪ್ಪಿಗೆ 1664ರಲ್ಲಿ ಅದೇ ಊರಿನ ಸಂತೆಪೇಟೆಯಲ್ಲಿ ಕತ್ತು ಕೈಗಳನ್ನು ಹಲಗೆಯಲ್ಲಿ ಸಿಕ್ಕಿಸಿ ನಿಲ್ಲಿಸಲ್ಪಟ್ಟ ಬೆಂಜಮಿನ್ ಕೀಚ್ ಎಂಬ ಬೋಧಕನ ಹೆಸರನ್ನು ಆ ಕಟ್ಟಡಕ್ಕೆ ಇಟ್ಟಿದ್ದಾರಾದರೂ, ಅದು ಏಳುವ ಹೊತ್ತಿಗೆ ಆತ ಲಂಡನ್ ಸೇರಿ ಕಾಲು ಶತಮಾನ ಕಳೆದಿತ್ತು. ಬೀದಿಯ ಮುಖದ ನಿವೇಶನಕ್ಕೆ ಹಣ ಹೆಚ್ಚು, ಹಿಂದಿನದಕ್ಕೆ ಕಡಿಮೆ. ಕಸಬುದಾರರೂ ಸಣ್ಣ ವ್ಯಾಪಾರಿಗಳೂ ಸೇರಿದ ಸಭೆಗೆ ಈ ವ್ಯತ್ಯಾಸ ಅಂಜಿಕೆಯಷ್ಟೇ ಬಲವಾದ ಕಾರಣವಾಗಿತ್ತೆಂದು ತಿಳಿಯುವುದು ಹೆಚ್ಚು ಸಮಂಜಸ.

1689ರ ಸಹಿಷ್ಣುತಾ ಕಾಯಿದೆಯು ಈ ಸಭೆಗಳಿಗೆ ಕಾನೂನಿನ ರಕ್ಷಣೆ ನೀಡಿತು. ಅಧಿಕೃತ ಚರ್ಚಿನ ವಿಧಿಗಳಲ್ಲಿ ಶಿಶುದೀಕ್ಷೆಗೆ ಸಂಬಂಧಿಸಿದ ಭಾಗಕ್ಕೆ ಒಪ್ಪಿಗೆ ಸೂಚಿಸುವುದರಿಂದ ಬ್ಯಾಪ್ಟಿಸ್ಟ್ ಬೋಧಕರಿಗೆ ಅದರಲ್ಲಿ ಪ್ರತ್ಯೇಕ ವಿನಾಯಿತಿಯೂ ಇತ್ತು. ಆದರೆ ಆ ರಕ್ಷಣೆ ಪಡೆಯಲು ಕಟ್ಟಡವನ್ನು ಬಿಷಪ್ಪನ ಕಚೇರಿಯಲ್ಲೋ ಪ್ರಾಂತದ ನ್ಯಾಯಾಧಿಕಾರಿಗಳ ಅಧಿವೇಶನದಲ್ಲೋ ನೋಂದಾಯಿಸಬೇಕಿತ್ತು, ಮತ್ತು ಸಭೆ ನಡೆಯುತ್ತಿರುವಾಗ ಬಾಗಿಲಿಗೆ ಬೀಗವನ್ನಾಗಲಿ ಚಿಲಕ ಅಗುಳಿಗಳನ್ನಾಗಲಿ ಹಾಕಕೂಡದಿತ್ತು. ಮುಚ್ಚಿದ ಬಾಗಿಲ ಹಿಂದೆ ರಾಜದ್ರೋಹ ಬೆಳೆಯುತ್ತದೆಂಬ ಶಂಕೆಯೇ ಈ ಷರತ್ತಿನ ಮೂಲ. ಸಭಾಮನೆಯು ಹೀಗೆ ಸರ್ಕಾರದ ಆಜ್ಞೆಯಿಂದಲೇ ತೆರೆದ ಬಾಗಿಲಿನ ಕಟ್ಟಡವಾಯಿತು. ಟ್ಯೂಕ್ಸ್‌ಬರಿಯ ಚಾಪೆಲ್ಲಿಗೆ ಈಗಿರುವ ರೂಪ ಬಂದದ್ದು ಈ ಬದಲಾದ ಹವೆಯಲ್ಲಿ, 1720ರ ಸುಮಾರಿಗೆ. ಆಗ ನಡೆದ ಮಾರ್ಪಾಟಿನಲ್ಲಿ ಅದಕ್ಕೆ ದೊಡ್ಡ ಕಿಟಕಿಗಳೂ ಬೋಧನಾಪೀಠವೂ ಸ್ನಾನದ ಕೊಳವೂ ಬಂದವು. ಅಡಗುವ ಸಭೆ ಎತ್ತರದ ಕಿಟಕಿಗಳನ್ನು ಇಡಿಸುವುದಿಲ್ಲ ಎಂಬುದನ್ನು ಗುಪ್ತ ದೇವಾಲಯದ ಕಥೆ ಹೇಳುವವರು ಗಮನಿಸುವುದಿಲ್ಲ.

ಈ ಒಳರೂಪವನ್ನು ಅರಿಯಲು ನೆರೆಯ ಅಬ್ಬೆಯನ್ನೇ ಎದುರಿಗಿಟ್ಟುಕೊಳ್ಳಬೇಕು. 1540ರಲ್ಲಿ ಎಂಟನೆಯ ಹೆನ್ರಿಯು ಮಠವನ್ನು ವಿಸರ್ಜಿಸಿದಾಗ ಪಟ್ಟಣದವರು 453 ಪೌಂಡ್ ತೆತ್ತು ತಮ್ಮ ಊರಿನ ಚರ್ಚಾಗಿ ಉಳಿಸಿಕೊಂಡ ಆ ದೇವಾಲಯದಲ್ಲಿ, ಪಶ್ಚಿಮದ ಬಾಗಿಲಿನಿಂದ ಪೂರ್ವದ ಬಲಿಪೀಠದವರೆಗೆ ದುಂಡನೆಯ ಭಾರೀ ಕಂಬಗಳ ಎರಡು ಸಾಲುಗಳ ನಡುವೆ ಒಂದೇ ದಿಕ್ಕಿನ ದೀರ್ಘ ಪಥವಿದೆ. ಕಟ್ಟಡವೆಲ್ಲ ಮೆರವಣಿಗೆಗಾಗಿ, ದೂರದಲ್ಲಿ ನಡೆಯುವ ಪವಿತ್ರ ಕ್ರಿಯೆಯನ್ನು ನೋಡುವುದಕ್ಕಾಗಿ ಯೋಜಿತವಾದುದು. ಬ್ಯಾಪ್ಟಿಸ್ಟರಿಗೆ ಬಲಿಪೀಠವಿಲ್ಲ, ಪೂರ್ವದಿಕ್ಕಿಗೆ ವಿಶೇಷ ಪಾವಿತ್ರ್ಯವಿಲ್ಲ, ಪುರೋಹಿತನಿಗೆ ಮಾತ್ರ ಮೀಸಲಾದ ಜಾಗವೂ ಇಲ್ಲ. ಅವರ ಆರಾಧನೆಯ ನಡುವಿನಲ್ಲಿರುವುದು ವಾಕ್ಯದ ಓದು ಮತ್ತು ಗಂಟೆಗಟ್ಟಲೆ ನಡೆಯುವ ಬೋಧನೆ. ಆದ್ದರಿಂದ ಕಟ್ಟಡದ ಮೊದಲ ಕರ್ತವ್ಯ ಎಲ್ಲರಿಗೂ ಕೇಳಿಸುವಂತೆ ಮಾಡುವುದು. ಉದ್ದನೆಯ ಅಂಕಣದ ಒಂದು ಕೊನೆಯಲ್ಲಿ ಬೋಧಕ ನಿಂತರೆ ಇನ್ನೊಂದು ಕೊನೆಯವರಿಗೆ ಮಾತು ತಲುಪದು. ಉದ್ದದ ಗೋಡೆಯ ನಡುವೆ ಪೀಠವಿಟ್ಟರೆ ಯಾರೂ ಅವನಿಂದ ಬಹಳ ದೂರವಾಗುವುದಿಲ್ಲ. ಹಳೆಯ ಸಭಾಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಈ ಅಡ್ಡ ವಿನ್ಯಾಸದಲ್ಲಿ ಪೀಠದ ಎರಡೂ ಬದಿಗೆ ಎತ್ತರದ ಕಿಟಕಿಗಳಿರುತ್ತವೆ. ಅವುಗಳ ಕೆಲಸ ಅಲಂಕಾರವಲ್ಲ, ತೆರೆದ ಬೈಬಲ್ಲಿನ ಮೇಲೆ ಬೆಳಕು ಬೀಳಿಸುವುದು. ಬಣ್ಣದ ಗಾಜಿಲ್ಲ, ಚಿತ್ರವಿಲ್ಲ, ವಿಗ್ರಹವಿಲ್ಲ. ಬಿಳಿಯ ಸುಣ್ಣದ ಗೋಡೆ, ಕಪ್ಪಗಾದ ಓಕ್ ಕಂಬ, ತಿಳಿಗಾಜಿನ ಕಿಟಕಿ.

ಹಾಲ್ ಹೌಸ್ ಈ ಉದ್ದೇಶಕ್ಕೆ ಒದಗಿಬಂದದ್ದು ಆಕಸ್ಮಿಕವಾದರೂ ಅದರ ಹೊಂದಿಕೆ ಅಚ್ಚರಿ ಹುಟ್ಟಿಸುತ್ತದೆ. ಮಾಡಿನವರೆಗೆ ತೆರೆದ ನಡುವಿನ ಅಂಕಣ ಸಭೆಗೆ ಬೇಕಾದ ಎತ್ತರವನ್ನೂ ಅಗಲವನ್ನೂ ಮೊದಲೇ ಒದಗಿಸಿತ್ತು. ಅಂಥ ಮನೆಯ ಎರಡು ಕೊನೆಗಳಲ್ಲಿರುವ ಮೇಲಂತಸ್ತಿನ ಕೋಣೆಗಳನ್ನು ಒಳಮುಖವಾಗಿ ತೆರೆದುಬಿಟ್ಟರೆ ಅವು ಸಭೆಯತ್ತ ನೋಡುವ ಗ್ಯಾಲರಿಗಳಾಗುತ್ತವೆ, ಮತ್ತು ನೆಲದ ವಿಸ್ತಾರ ಹೆಚ್ಚಿಸದೆಯೇ ಇನ್ನಷ್ಟು ಜನರನ್ನು ಬೋಧಕನ ದನಿಯ ಅಳವಿನೊಳಗೆ ಕೂರಿಸಬಹುದು. ಯಜಮಾನನ ಊಟದ ಮೇಜು ಇದ್ದಿರಬಹುದಾದ ಅಂಕಣಕ್ಕೆ ಕರ್ತನ ಭೋಜನದ ಮೇಜು ಬಂತು, ಮತ್ತು ಅದು ಬಲಿಪೀಠವಲ್ಲ, ಮೇಜು ಮಾತ್ರವೇ ಎಂಬುದನ್ನು ಆ ಸಭೆ ಒತ್ತಿ ಹೇಳುತ್ತಿತ್ತು.

ಈ ಕಟ್ಟಡವನ್ನು ಇತರ ಪಂಥಗಳ ಸಭಾಮನೆಗಳಿಂದ ಬೇರ್ಪಡಿಸುವುದು ನೆಲದಲ್ಲಿರುವ ಕೊಳ. ಅಧಿಕೃತ ಚರ್ಚುಗಳಲ್ಲಿ ಶಿಶುವಿನ ತಲೆಗೆ ನೀರು ಹಾಕಲು ಬಾಗಿಲ ಬಳಿ ಎತ್ತರದ ಕಲ್ಲುಬಟ್ಟಲೊಂದು ಸಾಕು. ವಯಸ್ಕನೊಬ್ಬನು ಪೂರ್ತಿ ಮುಳುಗಿ ಏಳಬೇಕಾದರೆ ಎದೆಮಟ್ಟದ ಸಮೀಪಕ್ಕೆ ನೀರು ನಿಲ್ಲುವ, ಇಳಿಯಲು ಮೆಟ್ಟಿಲುಗಳಿರುವ, ಇಬ್ಬರು ನಿಲ್ಲುವಷ್ಟು ಅಗಲವಾದ ತೊಟ್ಟಿ ಬೇಕು. ಮುಳುಗಿಸುವ ಕ್ರಮವನ್ನು ಲಂಡನ್ನಿನ ಏಳು ಸಭೆಗಳು 1644ರ ತಮ್ಮ ನಂಬಿಕೆಯ ಅರಿಕೆಯಲ್ಲಿ ಸ್ಪಷ್ಟವಾಗಿ ವಿಧಿಸಿದವು. ಆಮೇಲೂ ಬಹುಕಾಲ ಬ್ಯಾಪ್ಟಿಸ್ಟರು ನದಿ, ಕೆರೆ, ಗಿರಣಿಯ ಕಾಲುವೆಗಳಲ್ಲಿ ದೀಕ್ಷೆ ಕೊಡುತ್ತಿದ್ದರು, ಮತ್ತು ದಡದಲ್ಲಿ ನೆರೆಯುತ್ತಿದ್ದ ಗುಂಪಿನ ಗೇಲಿಯನ್ನೂ ಸಹಿಸುತ್ತಿದ್ದರು. ಎರಡು ನದಿಗಳ ಮಗ್ಗುಲಲ್ಲಿಯೇ ಇರುವ ಸಭೆಯೊಂದು ಕಟ್ಟಡದೊಳಗೆ ಕೊಳ ತೋಡಿಸಿದ್ದು ನೀರಿನ ಕೊರತೆಯಿಂದಲ್ಲವೆಂಬುದು ಸ್ಪಷ್ಟ. ಕ್ರಿಯೆಯನ್ನು ಸಭೆಯ ನಡುವೆ, ಪೀಠದ ಮುಂದೆ, ಸದಸ್ಯರ ಕಣ್ಣೆದುರಿಗೆ ತರುವುದೇ ಅದರ ಉದ್ದೇಶವಾಗಿರಬೇಕು. ದೀಕ್ಷೆ ದಿನನಿತ್ಯದ ಕಾರ್ಯವಲ್ಲದ್ದರಿಂದ ಇಂಥ ಕೊಳಗಳನ್ನು ಹಲಗೆಗಳಿಂದ ಮುಚ್ಚಿ, ಆ ಹಲಗೆಯ ಮೇಲೆಯೇ ಮೇಜು ಬೆಂಚುಗಳನ್ನಿಟ್ಟು ಉಳಿದ ಭಾನುವಾರಗಳನ್ನು ಕಳೆಯುವುದು ರೂಢಿ. ಹಲಗೆ ಎತ್ತಿದ ದಿನ ಮಾತ್ರ ಆ ಕಟ್ಟಡ ಯಾವ ಪಂಥದ್ದೆಂಬುದು ಹೊರಗಿನವನಿಗೆ ತಿಳಿಯುತ್ತದೆ.

ಕಟ್ಟಡದಲ್ಲಿ ಇಲ್ಲದಿರುವ ಸಂಗತಿಗಳಿಗೂ ಚರಿತ್ರೆಯಿದೆ. ವಧೂವರರು ನಡೆದುಬರುವ ನಡುದಾರಿ ಅಲ್ಲಿಲ್ಲ; 1753ರ ವಿವಾಹ ಕಾಯಿದೆಯಂತೆ ಕ್ವೇಕರ್ ಪಂಥದವರು ಮತ್ತು ಯಹೂದಿಗಳನ್ನುಳಿದು ಎಲ್ಲರೂ ಅಧಿಕೃತ ಚರ್ಚಿನಲ್ಲಿಯೇ ಮದುವೆಯಾಗಬೇಕಿತ್ತು, ಮತ್ತು 1836ರ ಕಾಯಿದೆ ಬರುವವರೆಗೆ ಬ್ಯಾಪ್ಟಿಸ್ಟರೂ ತಾವು ತೊರೆದ ಚರ್ಚಿಗೇ ಮದುವೆಗೆಂದು ಹೋಗಬೇಕಾಗುತ್ತಿತ್ತು. ಆರ್ಗನ್ ವಾದ್ಯಕ್ಕೂ ಹಳೆಯ ಸಭಾಮನೆಗಳಲ್ಲಿ ಸ್ಥಳವಿಲ್ಲ. ಸಭೆಯಲ್ಲಿ ಹಾಡಬಹುದೇ ಎಂಬುದೇ 17ನೆಯ ಶತಮಾನದ ಕೊನೆಯಲ್ಲಿ ದೊಡ್ಡ ವಿವಾದವಾಗಿದ್ದು, ಮೇಲೆ ಹೇಳಿದ ಕೀಚನೇ ಹಾಡಿನ ಪರವಾಗಿ ವಾದಿಸಿದವರಲ್ಲಿ ಪ್ರಮುಖ. ಮುಂದಿನ ಶತಮಾನದಲ್ಲಿ, 1760ರಲ್ಲಿ ಕಟ್ಟಿದ ಲ್ಯಾಂಕಷೈರಿನ ಗುಡ್‌ಶಾ ಚಾಪೆಲ್ಲಿನಂಥ ಕಡೆ, ಗಾಯಕರಿಗೂ ವಾದ್ಯಗಾರರಿಗೂ ಪ್ರತ್ಯೇಕ ಆಸನಗಳು ಕಟ್ಟಡದ ಭಾಗವೇ ಆದವು.

ಓಣಿಯ ಕೊನೆಯಲ್ಲಿರುವ ಸಣ್ಣ ಸಮಾಧಿ ಭೂಮಿಯನ್ನು ಚಾಪೆಲ್ಲಿನ ಅಂಗವೆಂದೇ ಎಣಿಸಬೇಕು. 1662ರ ಅಧಿಕೃತ ಪ್ರಾರ್ಥನಾ ಪುಸ್ತಕವು ದೀಕ್ಷೆ ಹೊಂದದೆ ಸತ್ತವರಿಗೂ ಬಹಿಷ್ಕೃತರಿಗೂ ಆತ್ಮಹತ್ಯೆ ಮಾಡಿಕೊಂಡವರಿಗೂ ಶವಸಂಸ್ಕಾರದ ವಿಧಿಯನ್ನು ಓದಕೂಡದೆಂದು ಒಂದೇ ಉಸಿರಿನಲ್ಲಿ ನಿಷೇಧಿಸಿತ್ತು. ಶಿಶುದೀಕ್ಷೆಯನ್ನು ಒಪ್ಪದ ತಂದೆತಾಯಿಗಳ ಮಗು ಸತ್ತರೆ ಅದು ಈ ಪಟ್ಟಿಗೆ ಸೇರುತ್ತಿತ್ತು. ಶಿಶುಮರಣ ಸಾಮಾನ್ಯವಾಗಿದ್ದ ಕಾಲದಲ್ಲಿ ಇದು ಪ್ರತಿ ಕುಟುಂಬಕ್ಕೂ ತಟ್ಟುವ ಸಂಗತಿ. ಊರಿನ ಚರ್ಚಿನ ಅಂಗಳದಲ್ಲಿ ಬೇರೆ ವಿಧಿಯಿಂದ ಹೂಳುವ ಹಕ್ಕು ದೊರೆತದ್ದು 1880ರಲ್ಲಿ. ಅಲ್ಲಿಯವರೆಗೆ ಸ್ವಂತ ಸಮಾಧಿ ಭೂಮಿ ಬ್ಯಾಪ್ಟಿಸ್ಟ್ ಸಭೆಗೆ ಪೀಠ ಕೊಳಗಳಷ್ಟೇ ಅಗತ್ಯವಾಗಿತ್ತು. ಟ್ಯೂಕ್ಸ್‌ಬರಿಯ ಈ ಭೂಮಿಯಲ್ಲಿ ಶೇಕ್ಸ್‌ಪಿಯರನ ತಂಗಿ ಜೋನ್ ಹಾರ್ಟಳ ವಂಶದವರ ಸಮಾಧಿಗಳಿವೆ. ಸಂದರ್ಶಕರಲ್ಲಿ ಬಹುಪಾಲು ಮಂದಿ ಕೇಳಿಕೊಂಡು ಹೋಗುವುದು ಅದನ್ನೇ, ಪಕ್ಕದ ಹೆಸರಿಲ್ಲದ ಸಮಾಧಿಗಳನ್ನಲ್ಲ.

1805ರಲ್ಲಿ ಸಭೆಯು ಬಾರ್ಟನ್ ಸ್ಟ್ರೀಟಿನಲ್ಲಿ ಹೊಸ ಚಾಪೆಲ್ ಕಟ್ಟಿಕೊಂಡು ಓಣಿಯನ್ನು ಬಿಟ್ಟಿತು. ಇಂಗ್ಲೆಂಡಿನ ಬ್ಯಾಪ್ಟಿಸ್ಟರು ಹೊಸ ಆತ್ಮವಿಶ್ವಾಸದಿಂದ ಬೀದಿಗೆ ಮುಖಮಾಡುತ್ತಿದ್ದ ಕಾಲವದು. 1792ರಲ್ಲಿ ಕೆಟರಿಂಗ್ ಎಂಬ ಇನ್ನೊಂದು ಸಣ್ಣ ಪಟ್ಟಣದ ವಿಧವೆಯೊಬ್ಬಳ ಮನೆಯಲ್ಲಿ ಸೇರಿ ಅವರು ಸ್ಥಾಪಿಸಿದ ಮಿಷನ್ ಸಂಘವು, ಮೌಲ್ಟನ್ ಹಳ್ಳಿಯಲ್ಲಿ ಚಪ್ಪಲಿ ಹೊಲಿಯುತ್ತ ಸಭಾಪಾಲಕನಾಗಿದ್ದ ವಿಲಿಯಂ ಕೇರಿಯನ್ನು ಬಂಗಾಳಕ್ಕೆ ಕಳಿಸಿತ್ತು, ಮತ್ತು ಶ್ರೀರಾಮಪುರದ ಮುದ್ರಣಾಲಯದಿಂದ 1817ರಲ್ಲಿ ಹೊರಬಂದ ಆತನ ಕನ್ನಡ ವ್ಯಾಕರಣದ ಮೂಲಕ ಈ ಚಾಪೆಲ್ ಲೋಕದ ಒಂದು ಎಳೆ ಕನ್ನಡದ ಚರಿತ್ರೆಗೂ ಬಂದು ಸೇರಿದೆ. ಇತ್ತ ಖಾಲಿಯಾದ ಹಳೆಯ ಕಟ್ಟಡದ ಭಾಗಗಳು ಮತ್ತೆ ವಾಸದ ಮನೆಗಳಾದವು. ಮನೆಯಾಗಿ ಹುಟ್ಟಿದ ಚೌಕಟ್ಟು ಮನೆಯಾಗಲು ಅಡ್ಡಿ ಮಾಡಲಿಲ್ಲ. ಕಲ್ಲಿನ ಚರ್ಚಾಗಿದ್ದರೆ ಬಹುಶಃ ಕೆಡವಿ ಕಲ್ಲು ಮಾರುತ್ತಿದ್ದರು.

1970ರ ದಶಕದಲ್ಲಿ ನಡೆದ ಜೀರ್ಣೋದ್ಧಾರದಲ್ಲಿ ಕಟ್ಟಡವನ್ನು 1720ರ ಸುಮಾರಿನ ರೂಪಕ್ಕೆ ಮರಳಿಸಲಾಯಿತು. ಇಂದು ಅದು ಎರಡನೆಯ ದರ್ಜೆಯಲ್ಲಿ ವಿಶೇಷ ಮಹತ್ವದ್ದೆಂದು ನಕ್ಷತ್ರ ಗುರುತು ಪಡೆದ ಸಂರಕ್ಷಿತ ಕಟ್ಟಡವಾಗಿದ್ದು, ಟ್ಯೂಕ್ಸ್‌ಬರಿಯನ್ನು ಎಲ್ಮ್‌ಬರಿ ಎಂಬ ಕಲ್ಪಿತ ಹೆಸರಿನಿಂದ ಚಿತ್ರಿಸಿದ ಲೇಖಕ ಜಾನ್ ಮೂರ್‌ನ ಹೆಸರಿನ ವಸ್ತುಸಂಗ್ರಹಾಲಯದ ನಿರ್ವಹಣೆಯಲ್ಲಿದೆ. ಜೀರ್ಣೋದ್ಧಾರಕ್ಕೆ 1720ರ ರೂಪವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅರ್ಥವಾಗುವಂಥದು, ಏಕೆಂದರೆ ಕೊಳ, ಪೀಠ, ಕಿಟಕಿಗಳೆಲ್ಲ ಒಟ್ಟಿಗೆ ಕಾಣುವುದು ಆ ಘಟ್ಟದಲ್ಲಿಯೇ. ಆದರೆ ಯಾವ ಕಟ್ಟಡವನ್ನಾಗಲಿ ಒಂದು ವರ್ಷಕ್ಕೆ ಮರಳಿಸುವುದೆಂದರೆ ಉಳಿದ ವರ್ಷಗಳನ್ನು ಅಳಿಸುವುದೂ ಹೌದು: 19ನೆಯ ಶತಮಾನದಲ್ಲಿ ಇಲ್ಲಿ ಬಾಡಿಗೆಗಿದ್ದ ಬಡ ಕುಟುಂಬಗಳು ಹಾಕಿಕೊಂಡ ಅಡ್ಡಗೋಡೆ, ಒಲೆಗಳಿಗೆ ಆ ಚಿತ್ರದಲ್ಲಿ ಎಡೆಯಿಲ್ಲ, ಹಾಗೂ ಹಳೆಯ ಓಕ್ ತೊಲೆಗಳನ್ನು ಕೆಡವದೆ ಸೂರಿನಡಿ ನೂರು ವರ್ಷಕ್ಕೂ ಮಿಕ್ಕಿ ಒಣಗಿಸಿಟ್ಟು ಕಾಪಾಡಿದ್ದು ಅವರ ವಾಸವೇ ಎಂಬ ಅಂಶವನ್ನು ಸಂರಕ್ಷಣೆಯ ಬರಹಗಳು ಸಾಮಾನ್ಯವಾಗಿ ದಾಖಲಿಸುವುದಿಲ್ಲ.